ಡಯಾಲಿಸಿಸ್ ರೋಗಿಯ ಮಾತ್ರೆ ಚೀಲ: ಫಾರ್ಮಸಿಸ್ಟ್ ಎಲ್ಲಿಂದ ಶುರು ಮಾಡಬೇಕು?

ಹಿಮೋಡಯಾಲಿಸಿಸ್ (ಸೋತ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆ) ಮಾಡಿಸಿಕೊಳ್ಳುವವರ ಮಾತ್ರೆ ಚೀಲವನ್ನು ಒಮ್ಮೆ ಮೇಜಿನ ಮೇಲೆ ಸುರಿದು ನೋಡಿ. ಬಿ.ಪಿ.ಗೆ ಎರಡು ಮೂರು ಬಗೆ. ಫಾಸ್ಫರಸ್ ಹಿಡಿಯಲು ದಿನಕ್ಕೆ ಆರೋ ಒಂಬತ್ತೋ ಮಾತ್ರೆ. ಆಮೇಲೆ ಶುಗರ್‌ಗೆ, ಹೃದಯಕ್ಕೆ, ಮೂಳೆಗೆ, ತುರಿಕೆಗೆ, ನಿದ್ದೆಗೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡಯಾಲಿಸಿಸ್ ರೋಗಿಗಳು ದಿನಕ್ಕೆ ನುಂಗುತ್ತಿದ್ದ ಮಾತ್ರೆಗಳ ಮಧ್ಯಮ ಸಂಖ್ಯೆ 19 ಇತ್ತು. ನಾಲ್ವರಲ್ಲಿ ಒಬ್ಬರು 25ಕ್ಕಿಂತ ಜಾಸ್ತಿ ನುಂಗುತ್ತಿದ್ದರು. ಒಟ್ಟು ಮಾತ್ರೆಗಳಲ್ಲಿ ಅರ್ಧದಷ್ಟು ಫಾಸ್ಫರಸ್ ಹಿಡಿಯುವಂಥವೇ.

ಈ ಚೀಲವನ್ನು ಪೂರ್ತಿಯಾಗಿ ನೋಡುವವರು ಯಾರು? ಕಿಡ್ನಿ ಡಾಕ್ಟರ್ ತಾವು ಬರೆದದ್ದನ್ನು ನೋಡುತ್ತಾರೆ. ಹೃದಯದ ಡಾಕ್ಟರ್ ತಮ್ಮದನ್ನು. ಕಾಲು ಉರಿಗೆ ಮಾತ್ರೆ ಬರೆದವರಿಗೆ ಡಯಾಲಿಸಿಸ್ ವಿಷಯ ಗೊತ್ತಿಲ್ಲದೆಯೂ ಇರಬಹುದು. ಎಲ್ಲವೂ ಒಟ್ಟಿಗೆ ಬಂದು ನಿಲ್ಲುವುದು ಫಾರ್ಮಸಿಸ್ಟ್ ಎದುರು. ಅದಕ್ಕೇ ಈ ಲೇಖನ. ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್‌ಗೂ, ಔಷಧಿ ಅಂಗಡಿಯಲ್ಲಿ ನಿಲ್ಲುವ ಫಾರ್ಮಸಿಸ್ಟ್‌ಗೂ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಬೇರೆ ರೋಗಿಗಳ ಚೀಟಿ ನೋಡುವಾಗ ನಾವು ಎರಡು ಪ್ರಶ್ನೆ ಕೇಳುತ್ತೇವೆ: ಯಾವ ಔಷಧಿ, ಎಷ್ಟು? ಇಲ್ಲಿ ಮೂರನೆಯದೊಂದಿದೆ: ಯಾವಾಗ? ಇಂದು ಡಯಾಲಿಸಿಸ್ ಇದೆಯೋ ಇಲ್ಲವೋ? ಮಾತ್ರೆ ನುಂಗಿದ್ದು ಯಂತ್ರಕ್ಕೆ ಹೋಗುವ ಮೊದಲೋ, ಬಂದ ಮೇಲೋ? ನನ್ನ ಅನುಭವದಲ್ಲಿ ತಪ್ಪುಗಳು ಹೆಚ್ಚಾಗಿ ಆಗುವುದು ಈ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳದೇ ಇದ್ದಾಗ.

ಮೊದಲು ವೇಳಾಪಟ್ಟಿ, ಆಮೇಲೆ ಮಾತ್ರೆ

ಚೀಟಿ ಕೈಗೆತ್ತಿಕೊಳ್ಳುವ ಮೊದಲು ರೋಗಿಯನ್ನೋ ಮನೆಯವರನ್ನೋ ಮಾತನಾಡಿಸಿ. ವಾರಕ್ಕೆ ಎಷ್ಟು ಸಲ ಡಯಾಲಿಸಿಸ್? ಯಾವ ಯಾವ ದಿನ? ಬೆಳಗ್ಗೆಯೋ ಸಂಜೆಯೋ? ಎಷ್ಟು ಗಂಟೆ? ಬಹಳ ಕಡೆ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದರೆ ಎರಡೇ ಸಲ ಹೋಗುವವರೂ ಇದ್ದಾರೆ. ಅವರ ಮೈಯಲ್ಲಿ ಔಷಧಿ ಉಳಿಯುವ ಲೆಕ್ಕ ಬೇರೆ. ಕಳೆದ ಒಂದು ತಿಂಗಳಲ್ಲಿ ಒಂದಾದರೂ ತಪ್ಪಿತೇ ಎಂಬುದನ್ನೂ ಕೇಳಿ.

ವಾರಕ್ಕೆ ಮೂರು ಸಲ ಹೋಗುವವರಿಗೂ ಒಂದು ದೊಡ್ಡ ಬಿಡುವು ಇದ್ದೇ ಇರುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಹೋಗುವವರಿಗೆ ಅದು ಶುಕ್ರವಾರದಿಂದ ಸೋಮವಾರದವರೆಗೆ. ನೀರು, ಪೊಟ್ಯಾಶಿಯಂ, ಉಳಿದುಹೋದ ಔಷಧಿ ಎಲ್ಲವೂ ಆಗ ಮೈಯಲ್ಲಿ ಏರುತ್ತವೆ. ತೊಂದರೆಗಳು ಜಾಸ್ತಿ ಕಾಣುವುದೂ ಈ ಬಿಡುವಿನ ಕೊನೆಯಲ್ಲೇ. ನಿಮ್ಮ ಕಾಗದದಲ್ಲಿ ಆ ಎರಡು ದಿನಗಳ ಕೆಳಗೆ ಗೆರೆ ಎಳೆದುಕೊಳ್ಳಿ.

ಇನ್ನೊಂದು ಪ್ರಶ್ನೆ: ಮೂತ್ರ ಎಷ್ಟು ಬರುತ್ತದೆ? ಇದನ್ನು ಕೇಳಲು ಸಂಕೋಚ ಬೇಡ. ಡಯಾಲಿಸಿಸ್ ಶುರುವಾದ ಮೇಲೂ ಕೆಲವರಿಗೆ ವರ್ಷಗಟ್ಟಲೆ ಮೂತ್ರ ಬರುತ್ತದೆ. ಉಳಿದಿರುವ ಆ ಚೂರು ಕಿಡ್ನಿ ಕೆಲಸ ಚಿನ್ನದಂಥದ್ದು. ಅದಿದ್ದರೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್‌ಗೆ ಇನ್ನೂ ಅರ್ಥವಿದೆ. ಮೂತ್ರ ಪೂರ್ತಿ ನಿಂತು ವರ್ಷವಾದರೂ ಫ್ಯೂರೋಸೆಮೈಡ್ ಚೀಟಿಯಲ್ಲಿ ಉಳಿದಿದ್ದರೆ, ಅದು ಇನ್ನೂ ಯಾಕಿದೆ ಎಂದು ಡಾಕ್ಟರನ್ನು ಕೇಳಬೇಕು.

ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಕಂಡ ಕೂಡಲೇ ಸೂತ್ರಕ್ಕೆ ಹಾಕಿ ಕಿಡ್ನಿ ಶಕ್ತಿ ಲೆಕ್ಕ ಹಾಕಬೇಡಿ. ಡಯಾಲಿಸಿಸ್ ಆದ ಮೇಲೆ ಆ ಸಂಖ್ಯೆ ಇಳಿದಿರುತ್ತದೆ. ಅದನ್ನು ಇಳಿಸಿದ್ದು ಕಿಡ್ನಿಯಲ್ಲ, ಯಂತ್ರ. ಆ ಸೂತ್ರಗಳು ಡಯಾಲಿಸಿಸ್ ರೋಗಿಗೆ ಅನ್ವಯಿಸುವುದೇ ಇಲ್ಲ. ಔಷಧಿ ಪುಸ್ತಕದಲ್ಲಿ ಹಿಮೋಡಯಾಲಿಸಿಸ್ ಎಂದು ಬೇರೆ ಸಾಲು ಇರುತ್ತದೆ, ಅದನ್ನೇ ನೋಡಿ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಯಾವ ಕೈಯಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ಆ ಕೈಯಲ್ಲಿ ಬಿ.ಪಿ. ನೋಡಬಾರದು, ರಕ್ತ ತೆಗೆಯಬಾರದು, ಲಸಿಕೆಯನ್ನೂ ಚುಚ್ಚಬಾರದು. ಲಸಿಕೆ ಕೊಡುವ ಫಾರ್ಮಸಿಸ್ಟ್ ಇದನ್ನು ಮರೆತರೆ ರೋಗಿಯ ಜೀವನಾಡಿಗೇ ಪೆಟ್ಟು ಕೊಟ್ಟಂತೆ.

ಚೀಲ ಪೂರ್ತಿ ಖಾಲಿ ಮಾಡಿಸಿ

ಚೀಟಿ ನೋಡಿದರೆ ಸಾಲದು. ಮನೆಯಲ್ಲಿರುವ ಎಲ್ಲವನ್ನೂ ಒಂದು ಚೀಲದಲ್ಲಿ ತರಲು ಹೇಳಿ. ಅರ್ಧ ಮುಗಿದ ಸ್ಟ್ರಿಪ್, ಮುಲಾಮು, ಕಣ್ಣಿನ ಹನಿ, ಗಿಡಮೂಲಿಕೆ ಪುಡಿ, ಯಾರೋ ಪರಿಚಯದವರು ಕೊಟ್ಟ ಕಷಾಯ, ಎಲ್ಲವೂ ಬರಲಿ. "ಬೇರೆ ಏನಾದರೂ ತಗೋತೀರಾ?" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರವೇ ಬರುತ್ತದೆ. ಅದರ ಬದಲು ಹೀಗೆ ಕೇಳಿ: "ತಲೆ ನೋವು ಬಂದರೆ ಏನು ತಗೋತೀರಿ? ಹೊಟ್ಟೆ ಕಟ್ಟಿದರೆ? ಎದೆ ಉರಿದರೆ? ನಿದ್ದೆ ಬರದಿದ್ದರೆ?" ಒಂದೊಂದಾಗಿ ಹೊರಗೆ ಬರುತ್ತವೆ.

ಚೀಲದಲ್ಲಿ ಇಲ್ಲದ ಔಷಧಿಗಳೂ ಇವೆ. ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್, ಕಬ್ಬಿಣದ ಇಂಜೆಕ್ಷನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಕೆಲವೊಮ್ಮೆ ಆಂಟಿಬಯಾಟಿಕ್, ಇವೆಲ್ಲ ಡಯಾಲಿಸಿಸ್ ಕುರ್ಚಿಯಲ್ಲೇ ಕೊಡುವಂಥವು. ಅಂಗಡಿಯ ಫಾರ್ಮಸಿಸ್ಟ್‌ಗೆ ಇವು ಕಾಣುವುದಿಲ್ಲ. ಯೂನಿಟ್‌ನವರಿಗೆ ಅಂಗಡಿಯಲ್ಲಿ ಕೊಂಡದ್ದು ಕಾಣುವುದಿಲ್ಲ. ಎರಡೂ ಕಡೆಯದನ್ನು ಒಂದೇ ಹಾಳೆಗೆ ತಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇದನ್ನು ಯಾವಾಗ ಮಾಡಬೇಕು? ಡಯಾಲಿಸಿಸ್ ಶುರುವಾದಾಗ ಒಮ್ಮೆ. ಆಮೇಲೆ ಆದಷ್ಟು ತಿಂಗಳಿಗೊಮ್ಮೆ, ರಕ್ತ ಪರೀಕ್ಷೆಯ ಫಲಿತಾಂಶ ಬಂದಾಗ. ಆಸ್ಪತ್ರೆಯಲ್ಲಿ ದಾಖಲಾಗಿ ಮನೆಗೆ ಬಂದಾಗಲಂತೂ ತಪ್ಪಿಸಲೇಬಾರದು. ದಾಖಲಾಗಿದ್ದಾಗ ಮೈ ಇಳಿದಿರುತ್ತದೆ, ಹಾಗಾಗಿ ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಬದಲಾಗಿರಬಹುದು. ಹಳೆಯ ಬಿ.ಪಿ. ಮಾತ್ರೆ ನಿಲ್ಲಿಸಿ ಹೊಸದು ಕೊಟ್ಟಿರಬಹುದು. ಮನೆಯಲ್ಲಿ ಹಳೆಯದೂ ಇರುತ್ತದೆ, ಹೊಸದೂ ಬರುತ್ತದೆ, ಎರಡನ್ನೂ ನುಂಗುತ್ತಾರೆ.

ಯಂತ್ರ ಏನನ್ನು ಹೊರಗೆ ಹಾಕುತ್ತದೆ?

ಇದು ಈ ಕೆಲಸದ ತಿರುಳು, ಸ್ವಲ್ಪ ನಿಧಾನವಾಗಿ ನೋಡೋಣ. ಡಯಾಲೈಸರ್ ಒಂದು ಜರಡಿ ಎಂದುಕೊಳ್ಳಿ. ಸಣ್ಣ ಕಣದ ಔಷಧಿ, ನೀರಿನಲ್ಲಿ ಕರಗುವಂಥದ್ದು, ರಕ್ತದ ಪ್ರೋಟೀನ್‌ಗೆ ಅಂಟಿಕೊಳ್ಳದೆ ಬಿಡಿಯಾಗಿ ಇರುವಂಥದ್ದು, ರಕ್ತ ಬಿಟ್ಟು ಕೊಬ್ಬು ಮಾಂಸದೊಳಗೆ ದೂರ ಹೋಗಿ ಕೂರದೇ ಇರುವಂಥದ್ದು, ಇಂಥವು ಜರಡಿಯಿಂದ ಸುಲಭವಾಗಿ ಸೋಸಿಹೋಗುತ್ತವೆ. ಪ್ರೋಟೀನ್‌ಗೆ ಬಿಗಿಯಾಗಿ ಅಂಟಿದ್ದು, ಮೈಯೊಳಗೆ ಆಳಕ್ಕೆ ಇಳಿದದ್ದು ಹೋಗುವುದಿಲ್ಲ.

ಬಿ.ಪಿ. ಮಾತ್ರೆಗಳನ್ನೇ ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಸೋಸಿಹೋಗುತ್ತವೆ. ಕಾರ್ವೆಡಿಲಾಲ್ ಹೋಗುವುದಿಲ್ಲ. ಲಿಸಿನೊಪ್ರಿಲ್, ಎನಲಾಪ್ರಿಲ್ ಹೋಗುತ್ತವೆ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್, ಆಮ್ಲೊಡಿಪಿನ್ ಉಳಿಯುತ್ತವೆ. ಕಾಗದದ ಮೇಲೆ ಒಂದೇ ಗುಂಪಿನವು ಎಂದು ಕಾಣುವ ಎರಡು ಮಾತ್ರೆಗಳು ಡಯಾಲಿಸಿಸ್ ದಿನ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ.

ಫಿಟ್ಸ್ ಬರದಂತೆ ತೆಗೆದುಕೊಳ್ಳುವ ಲೆವೆಟಿರಾಸೆಟಂ ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಸುಮಾರು ಅರ್ಧದಷ್ಟು ಹೊರಹೋಗುತ್ತದೆ. ಬೆಳಗ್ಗೆ ಮಾತ್ರೆ ನುಂಗಿ ಯಂತ್ರಕ್ಕೆ ಹೋಗಿ, ಬಂದ ಮೇಲೆ ಹೆಚ್ಚುವರಿ ಡೋಸ್ ತೆಗೆದುಕೊಳ್ಳದಿದ್ದರೆ ಸಂಜೆ ಫಿಟ್ಸ್ ಬರಬಹುದು. ಆಗ ಎಲ್ಲರೂ ಔಷಧಿ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ, ಡೋಸ್ ಏರಿಸುತ್ತಾರೆ. ಸರಿಪಡಿಸಬೇಕಾದದ್ದು ಡೋಸ್ ಅಲ್ಲ, ಸಮಯ.

ಈಗ ಇದರ ಮತ್ತೊಂದು ಮುಖ. ಗ್ಯಾಬಪೆಂಟಿನ್ ಎಂಬ ಮಾತ್ರೆಯನ್ನು ಕಾಲು ಉರಿ, ಜೋಮು, ತುರಿಕೆಗೆ ಬರೆಯುತ್ತಾರೆ. ಕಿಡ್ನಿ ಚೆನ್ನಾಗಿರುವವರಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು 5ರಿಂದ 7 ಗಂಟೆ ಸಾಕು. ಮೂತ್ರವೇ ಬಾರದವರಲ್ಲಿ, ಡಯಾಲಿಸಿಸ್ ಇಲ್ಲದ ದಿನ, ಸುಮಾರು 132 ಗಂಟೆ ಬೇಕು. ಅಂದರೆ ಐದು ದಿನಕ್ಕೂ ಜಾಸ್ತಿ! ಯಂತ್ರದಲ್ಲಿ ಇರುವಾಗ ಅದೇ ಸುಮಾರು 4 ಗಂಟೆ. ಒಂದೇ ಮನುಷ್ಯ, ಒಂದೇ ಮಾತ್ರೆ, ಒಂದೇ ವಾರ. ಎಷ್ಟು ವ್ಯತ್ಯಾಸ ನೋಡಿ.

ನಾನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಬೇರೆ ಕಡೆ ಈ ಮಾತ್ರೆಯನ್ನು 300 ಮಿ.ಗ್ರಾಂ ದಿನಕ್ಕೆ ಮೂರು ಸಲ ಬರೆದಿದ್ದರು. ಕೆಲವು ವಾರಗಳಲ್ಲಿ ಅವರಿಗೆ ಮಾತು ತೊದಲತೊಡಗಿತು, ಕೈ ಜಗ್ಗತೊಡಗಿತು, ಹಗಲೆಲ್ಲ ತೂಕಡಿಕೆ. ವಯಸ್ಸಾಯಿತು, ಮರೆವಿನ ಕಾಯಿಲೆ ಶುರುವಾಯಿತು ಎಂದು ಮನೆಯವರು ಕೈಚೆಲ್ಲಿದ್ದರು. ಮಗಳು ಮಾತಿನ ಮಧ್ಯೆ ಒಂದು ವಿಷಯ ಹೇಳಿದರು: "ಭಾನುವಾರ ತುಂಬಾ ಕಷ್ಟ ಸರ್. ಸೋಮವಾರ ಡಯಾಲಿಸಿಸ್ ಮಾಡಿಸಿಕೊಂಡು ಬಂದರೆ ಅಪ್ಪ ಮೊದಲಿನ ಹಾಗೆ ಆಗ್ತಾರೆ." ಮರೆವಿನ ಕಾಯಿಲೆ ವಾರದ ದಿನ ನೋಡಿಕೊಂಡು ಬರುವುದಿಲ್ಲ, ಅಲ್ವಾ? ಡಾಕ್ಟರ್ ಜೊತೆ ಮಾತನಾಡಿದೆ. ಡಯಾಲಿಸಿಸ್ ಮುಗಿದ ಮೇಲೆ ಮಾತ್ರ 100 ಮಿ.ಗ್ರಾಂ ಎಂದು ಬದಲಿಸಿದರು. ಎರಡು ವಾರದಲ್ಲಿ ಅವರು ತಾವೇ ಬಂದು ತಮ್ಮ ಮಾತ್ರೆಗಳ ಹೆಸರು ಹೇಳಿದರು. ಅಂದಿನಿಂದ ಯಾರೇ ಗಲಿಬಿಲಿ, ತೂಕಡಿಕೆ, ಜಗ್ಗುವಿಕೆ ಎಂದರೂ ನಾನು ಕೇಳುವ ಮೊದಲ ಪ್ರಶ್ನೆ: ಯಾವ ದಿನ ಜಾಸ್ತಿ?

ನರದ ನೋವಿನ ಪ್ರೀಗ್ಯಾಬಲಿನ್, ವೈರಸ್ ಸೋಂಕಿನ ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್, ಆಂಟಿಬಯಾಟಿಕ್ ಆದ ಸೆಫೆಪಿಮ್ ಕೂಡ ಡೋಸ್ ತಗ್ಗಿಸದಿದ್ದರೆ ಇದೇ ರೀತಿ ತಲೆಗೆ ಏರುತ್ತವೆ.

ಇನ್ನೊಂದು ಎಚ್ಚರಿಕೆ. "ಡಯಾಲಿಸಿಸ್ ಆದ ಮೇಲೆ" ಎಂದು ಬರೆದ ಮಾತ್ರೆಯನ್ನು ಡಯಾಲಿಸಿಸ್ ತಪ್ಪಿದ ದಿನ ಏನು ಮಾಡಬೇಕು? ಹೆಚ್ಚಿನವರು ರಾತ್ರಿ ಸುಮ್ನೆ ನುಂಗಿಬಿಡುತ್ತಾರೆ. ಹಳೆಯ ಡೋಸ್ ಮೈಯಿಂದ ಹೋಗಿಯೇ ಇಲ್ಲ, ಅದರ ಮೇಲೆ ಹೊಸದು. ಇದನ್ನು ಮೊದಲೇ ಹೇಳಿಡಬೇಕು, ಬರೆದೂ ಕೊಡಬೇಕು.

ಚೀಲದಲ್ಲಿ ಇರಬಾರದಂಥವು

ಕೆಲವು ಮಾತ್ರೆ ಕಂಡರೆ ಅಂದೇ ಫೋನ್ ಎತ್ತಬೇಕು. ಮೊದಲನೆಯದು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಸಣ್ಣ ಡೋಸ್ ಕೂಡ ಡಯಾಲಿಸಿಸ್ ರೋಗಿಯ ಅಸ್ಥಿಮಜ್ಜೆಯನ್ನು ಕುಗ್ಗಿಸಿ ಜೀವಕ್ಕೆ ಅಪಾಯ ತರಬಹುದು. ಎರಡನೆಯದು ಬ್ಯಾಕ್ಲೊಫೆನ್. ಬೆನ್ನು ಹಿಡಿದುಕೊಂಡಿದೆ, ಬಿಕ್ಕಳಿಕೆ ನಿಲ್ಲುತ್ತಿಲ್ಲ ಎಂದು ಬರೆದಿರುತ್ತಾರೆ. ಒಂದೆರಡು ಡೋಸ್‌ಗೇ ಪ್ರಜ್ಞೆ ತಪ್ಪಿದವರಿದ್ದಾರೆ. ಮೂರನೆಯದು ಮೆಟ್‌ಫಾರ್ಮಿನ್. ಕಿಡ್ನಿ ಹಾಳಾಗುವ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದುದು ಹಾಗೇ ಮುಂದುವರಿದಿರಬಹುದು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಇದೆ.

ಶುಗರ್ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೇಡ. ಶುಗರ್ ಇಳಿದು ಗಂಟೆಗಟ್ಟಲೆ ಏಳದೇ ಹೋಗಬಹುದು. ಲಿನಾಗ್ಲಿಪ್ಟಿನ್‌ಗೆ ಡೋಸ್ ಬದಲಿಸುವ ಅಗತ್ಯವಿಲ್ಲ. ಸಿಟಾಗ್ಲಿಪ್ಟಿನ್ ಆದರೆ 25 ಮಿ.ಗ್ರಾಂ. ಇನ್ಸುಲಿನ್ ಹಾಕಿಕೊಳ್ಳುವವರಿಗೆ ಒಂದು ವಿಷಯ ಬಿಡಿಸಿ ಹೇಳಿ. ಇನ್ಸುಲಿನ್ ಒಡೆಯುವುದರಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತ ಮೇಲೆ ಅದು ಮೈಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಶುಗರ್ ಕಾಯಿಲೆ ಗುಣವಾಯಿತು, ಇನ್ಸುಲಿನ್ ಕಡಿಮೆ ಸಾಕಾಗುತ್ತಿದೆ ಎಂದು ಸಂತೋಷಪಡುವವರನ್ನು ನೋಡಿದ್ದೇನೆ. ನಿಜವಾದ ಕಾರಣ ಹೇಳಿದರೆ ಅವರು ಶುಗರ್ ಇಳಿಯುವ ಲಕ್ಷಣಗಳ ಬಗ್ಗೆ ಎಚ್ಚರವಾಗಿರುತ್ತಾರೆ.

ನೋವಿಗೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವು ರಕ್ತಸ್ರಾವಕ್ಕೆ ದಾರಿ, ಪೊಟ್ಯಾಶಿಯಂ ಏರಿಸುತ್ತವೆ, ಉಳಿದ ಚೂರು ಮೂತ್ರವನ್ನೂ ಕಿತ್ತುಕೊಳ್ಳುತ್ತವೆ. "ಕಿಡ್ನಿ ಹೋಗಿಯೇ ಆಯಿತಲ್ಲ, ಇನ್ನೇನು" ಎಂಬ ಮಾತನ್ನು ಒಪ್ಪಬೇಡಿ. ನೀರಿನಲ್ಲಿ ನೊರೆ ಬರಿಸಿ ಕುಡಿಯುವ ಪ್ಯಾರಾಸಿಟಮಾಲ್ ಕೂಡ ಬೇಡ. ಒಂದೊಂದು ಮಾತ್ರೆಯಲ್ಲಿ ಸುಮಾರು 400 ಮಿ.ಗ್ರಾಂ ಸೋಡಿಯಂ ಇರುವಂಥವು ಇವೆ. ತೀವ್ರ ನೋವಿಗೆ ಮಾರ್ಫಿನ್, ಕೊಡೀನ್, ಪೆಥಿಡಿನ್ ಬರೆದಿದ್ದರೆ ಡಾಕ್ಟರ್ ಜೊತೆ ಮಾತನಾಡಿ. ಇವು ಒಡೆದು ಬರುವ ಅಂಶಗಳು ಮೈಯಲ್ಲೇ ಉಳಿದು ಉಸಿರನ್ನು ಕುಗ್ಗಿಸಬಹುದು, ಫಿಟ್ಸ್ ತರಬಹುದು. ಫೆಂಟನಿಲ್ ಇವುಗಳಿಗಿಂತ ವಾಸಿ.

ಎದೆ ಉರಿಗೆ ಎಂದು ಕೇಳಿದ ಕೂಡಲೇ ಕೊಡುವ ಆಂಟಾಸಿಡ್ ಬಾಟಲಿಗಳಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತವೆ. ಸುಕ್ರಾಲ್‌ಫೇಟ್‌ನಲ್ಲೂ ಅಲ್ಯೂಮಿನಿಯಂ ಇದೆ. ಹೊರಹಾಕಲು ಕಿಡ್ನಿ ಇಲ್ಲದಿದ್ದಾಗ ಇವು ಮೈಯಲ್ಲಿ ಸೇರಿಕೊಳ್ಳುತ್ತವೆ, ಅಲ್ಯೂಮಿನಿಯಂ ಮೂಳೆ, ಮಿದುಳಿಗೂ ಹೋಗುತ್ತದೆ. ಮಲಬದ್ಧತೆಗೆ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಸೋಡಿಯಂ ಫಾಸ್ಫೇಟ್ ಎನಿಮಾ ಎರಡೂ ಬೇಡ. ನಾರಿನ ಪುಡಿಗಳಿಗೆ ಲೋಟಗಟ್ಟಲೆ ನೀರು ಬೇಕು, ಇವರಿಗೆ ಅಷ್ಟು ನೀರು ಕುಡಿಯುವ ಹಾಗಿಲ್ಲ. ಲ್ಯಾಕ್ಟುಲೋಸ್, ಬಿಸಾಕೊಡಿಲ್, ಸೆನ್ನಾ ಸರಿಯಾಗುತ್ತವೆ. ಉಪ್ಪಿನ ಬದಲಿಗೆ ಎಂದು ಮಾರುವ ಡಬ್ಬಿಗಳ ಹಿಂದಿನ ಚೀಟಿ ಓದಿ. ಅಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಎಂದಿದ್ದರೆ ಅದು ಮನೆಯಲ್ಲಿ ಇರಲೇಬಾರದು.

ಗೌಟ್‌ಗೆ ಕೊಲ್ಚಿಸಿನ್ ಕಂಡರೂ ನಿಲ್ಲಿ. ಯಂತ್ರ ಅದನ್ನು ತೆಗೆಯಲಾರದು. ಅದರ ಜೊತೆ ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಸೇರಿದರೆ ಸಾವಿನವರೆಗೂ ಹೋಗಬಹುದು.

ಇಲ್ಲೊಂದು ಮಾತು ಮನೆಯವರಿಗೆ: ಇದನ್ನು ಓದಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಬ್ಯಾಕ್ಲೊಫೆನ್, ಗ್ಯಾಬಪೆಂಟಿನ್ ಥರದವನ್ನು ಹಲವು ದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೂ ತೊಂದರೆಯಾಗುತ್ತದೆ. ಯೂನಿಟ್‌ಗೆ ಫೋನ್ ಮಾಡಿ ಕೇಳಿ.

ಊಟದ ಮಾತ್ರೆ, ದೂರ ಇಡುವ ಮಾತ್ರೆ

ಫಾಸ್ಫರಸ್ ಹಿಡಿಯುವ ಮಾತ್ರೆ ರಕ್ತಕ್ಕೆ ಹೋಗಿ ಕೆಲಸ ಮಾಡುವುದಿಲ್ಲ. ಹೊಟ್ಟೆಯಲ್ಲೇ ಊಟದ ಫಾಸ್ಫರಸ್‌ಗೆ ಅಂಟಿಕೊಂಡು ಮಲದಲ್ಲಿ ಹೋಗುತ್ತದೆ. ಹಾಗಾಗಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಊಟ ಬಿಟ್ಟರೆ ಆ ಮಾತ್ರೆಯನ್ನೂ ಬಿಡಬಹುದು. ಇದನ್ನು ಹೇಳಿದರೆ ಎಷ್ಟೋ ಜನಕ್ಕೆ ಆಶ್ಚರ್ಯವಾಗುತ್ತದೆ. "ದಿನಕ್ಕೆ ಮೂರು" ಎಂದು ಲೇಬಲ್ ಹಾಕುವ ಬದಲು "ಪ್ರತಿ ಊಟದ ಮಧ್ಯದಲ್ಲಿ" ಎಂದು ಬರೆಯಿರಿ. ಲ್ಯಾಂಥನಂ ಮಾತ್ರೆಯನ್ನು ಚೆನ್ನಾಗಿ ಅಗಿಯಬೇಕು. ಸೆವೆಲಮರ್ ಮಾತ್ರೆಯನ್ನು ಇಡಿಯಾಗಿ ನುಂಗಬೇಕು. ಕಬ್ಬಿಣವಿರುವ ಬಗೆ ತೆಗೆದುಕೊಂಡರೆ ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿ.

ಈ ಮಾತ್ರೆಗಳು ಊಟದ ಫಾಸ್ಫರಸ್ಸನ್ನಷ್ಟೇ ಹಿಡಿಯುವುದಿಲ್ಲ, ಪಕ್ಕದ ಔಷಧಿಯನ್ನೂ ಹಿಡಿಯುತ್ತವೆ. ಥೈರಾಯ್ಡ್ ಮಾತ್ರೆಗೂ ಇವಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಅನ್ನು ಇವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕು. ಥೈರಾಯ್ಡ್ ಡೋಸ್ ಏರಿಸುತ್ತಲೇ ಹೋದರೂ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಇಳಿಯದಿದ್ದರೆ, ಬೆಳಗಿನ ಮಾತ್ರೆಗಳನ್ನೆಲ್ಲ ಒಂದೇ ಹಿಡಿಯಲ್ಲಿ ನುಂಗುತ್ತಿದ್ದಾರೋ ಎಂದು ಕೇಳಿ ನೋಡಿ.

ನೀರಿನ ಲೆಕ್ಕವನ್ನೂ ಹಾಕಿ. ಮಾತ್ರೆಗೆ 50 ಮಿ.ಲೀ. ಎಂದರೂ 19 ಮಾತ್ರೆಗೆ 950 ಮಿ.ಲೀ. ಆಯಿತು. ಮೂತ್ರ ಬಾರದವರಿಗೆ ಇಡೀ ದಿನಕ್ಕೆ ಇರುವ ಮಿತಿಯೇ ಸುಮಾರು ಅಷ್ಟು. ಒಂದು ಗುಟುಕಿಗೆ ಎರಡು ಮೂರು ಮಾತ್ರೆ ಸೇರಿಸಿ ನುಂಗಬಹುದೇ, ಊಟದ ತುತ್ತಿನೊಂದಿಗೆ ನುಂಗಬಹುದೇ ಎಂದು ಒಟ್ಟಿಗೆ ಕೂತು ಯೋಚಿಸಿ. ಬಾಯಿ ಒಣಗಿಸುವ ಮಾತ್ರೆ ಇದೆಯೇ ಎಂದೂ ನೋಡಿ. ಅಮಿಟ್ರಿಪ್ಟಿಲಿನ್, ಕ್ಲೋರ್‌ಫೆನಿರಮೈನ್, ಆಕ್ಸಿಬ್ಯುಟಿನಿನ್ ಇದ್ದರೆ ಬಾಯಾರಿಕೆ ಏರುತ್ತದೆ. ರೋಗಿಗೆ ನೀರು ಕುಡಿಯಬೇಡಿ ಎಂದು ಎಲ್ಲರೂ ಗದರುತ್ತಾರೆ. ಬಾಯಾರಿಕೆಯ ಕಾರಣ ಚೀಲದಲ್ಲೇ ಕೂತಿರುತ್ತದೆ.

ಡಯಾಲಿಸಿಸ್ ದಿನದ ಬಿ.ಪಿ. ಮಾತ್ರೆ

"ಡಯಾಲಿಸಿಸ್ ದಿನ ಬೆಳಗ್ಗೆ ಬಿ.ಪಿ. ಮಾತ್ರೆ ತಗೋಬೇಡಿ." ಈ ಮಾತನ್ನು ಎಲ್ಲರಿಗೂ ಒಂದೇ ಥರ ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ ಯಂತ್ರದಲ್ಲಿ ಬಿ.ಪಿ. ಕುಸಿಯುತ್ತದೆ, ಕೆಲವರಿಗೆ ಏರುತ್ತದೆ. ಯೂನಿಟ್‌ನ ದಾಖಲೆಯಲ್ಲಿ ಅರ್ಧ ಗಂಟೆಗೊಮ್ಮೆಯೋ ಗಂಟೆಗೊಮ್ಮೆಯೋ ನೋಡಿದ ಬಿ.ಪಿ. ಇರುತ್ತದೆ. ಕಳೆದ ಆರು ಸಲದ್ದನ್ನು ನೋಡಿ. ಕುಸಿಯುವವರಿಗೆ ಆ ದಿನದ ಡೋಸ್ ಅನ್ನು ರಾತ್ರಿಗೆ ತಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಏರುವವರಿಗೆ ಸೋಸಿಹೋಗದ ಮಾತ್ರೆ ಸೂಕ್ತವೇ ಎಂದು ಕೇಳಿ. ಅಟೆನೊಲಾಲ್, ಕಾರ್ವೆಡಿಲಾಲ್ ಥರದ ಬೀಟಾ ಬ್ಲಾಕರ್‌ಗಳಲ್ಲಿ ಸೋಸಿಹೋಗುವುದು ಒಳ್ಳೆಯದೋ ಉಳಿಯುವುದೋ ಎಂಬ ಬಗ್ಗೆ ಅಧ್ಯಯನಗಳು ಎರಡೂ ಕಡೆ ಹೇಳುತ್ತವೆ. ಎದುರಿಗಿರುವ ರೋಗಿಯ ದಾಖಲೆಯೇ ಇಲ್ಲಿ ದಾರಿ ತೋರಿಸಬೇಕು.

ಮಾತ್ರೆ ಮರೆಯುವವರಿಗೆ ಒಂದು ಒಳ್ಳೆಯ ಉಪಾಯ ಇದೆ. ಅಟೆನೊಲಾಲ್ ಅಥವಾ ಲಿಸಿನೊಪ್ರಿಲ್ ಅನ್ನು ವಾರಕ್ಕೆ ಮೂರೇ ಸಲ, ಡಯಾಲಿಸಿಸ್ ಮುಗಿದ ಮೇಲೆ, ನರ್ಸ್ ಎದುರಲ್ಲೇ ಕೊಡಬಹುದು. ಕಿಡ್ನಿ ಇಲ್ಲದ ಮೈಯಲ್ಲಿ ಇವು ಮುಂದಿನ ಡಯಾಲಿಸಿಸ್‌ವರೆಗೆ ಉಳಿಯುತ್ತವೆ. ಔಷಧಿ ಉಳಿಯುವುದೇ ಇಲ್ಲಿ ಅನುಕೂಲ.

ಯೂನಿಟ್ ಒಳಗಿನ ಕೆಲಸ

ಎರಿತ್ರೋಪೊಯೆಟಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹೆಪ್ಪುಗಟ್ಟಬಾರದು, ಕುಲುಕಬಾರದು. ರೋಗಿ ಅದನ್ನು ಅಂಗಡಿಯಿಂದ ಕೊಂಡು ಯೂನಿಟ್‌ಗೆ ಒಯ್ಯುವುದಾದರೆ ದಾರಿಯಲ್ಲಿ ತಂಪು ಹೇಗೆ ಉಳಿಯುತ್ತದೆ ಎಂದು ಕೇಳಿ. ಐಸ್‌ಗೆ ನೇರವಾಗಿ ತಾಗಿದರೂ ಹಾಳು. ಹಿಮೋಗ್ಲೋಬಿನ್ ಏರದಿದ್ದರೆ ಡೋಸ್ ಹೆಚ್ಚಿಸುವ ಮೊದಲು ಕಬ್ಬಿಣ ಸಾಕಷ್ಟಿದೆಯೇ, ಸೋಂಕು ಇದೆಯೇ, ಇಂಜೆಕ್ಷನ್ ತಪ್ಪಿದೆಯೇ ಎಂದು ನೋಡಬೇಕು. ಏರಿದರೂ ಅಷ್ಟೇ ಎಚ್ಚರ. ಸಾಮಾನ್ಯವಾಗಿ ಹಿಮೋಗ್ಲೋಬಿನ್ ಅನ್ನು 11.5 ಗ್ರಾಂ/ಡೆ.ಲೀ. ದಾಟಿಸಿ ಇಡುವುದಿಲ್ಲ. 13ಕ್ಕಿಂತ ಮೇಲೆ ಬೇಕೆಂದೇ ಏರಿಸಬಾರದು. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ತೀವ್ರ ಸೋಂಕು ಇರುವಾಗ ಕಬ್ಬಿಣದ ಇಂಜೆಕ್ಷನ್ ತಡೆಹಿಡಿಯುವುದು ವಾಡಿಕೆ.

ಹೆಪಾರಿನ್ ಮಿ.ಲೀ.ಗೆ 1000 ಯೂನಿಟ್, 5000 ಯೂನಿಟ್ ಎರಡೂ ಬರುತ್ತವೆ. ನೋಡಲು ಒಂದೇ ಥರದ ಸೀಸೆಗಳು. ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಇಡಬೇಡಿ.

ಆಂಟಿಬಯಾಟಿಕ್ ವಿಷಯದಲ್ಲಿ ಕ್ಯಾಲೆಂಡರ್ ಮತ್ತೆ ಕೆಲಸಕ್ಕೆ ಬರುತ್ತದೆ. ಸೆಫಜೋಲಿನ್ ಅನ್ನು ಡಯಾಲಿಸಿಸ್ ಮುಗಿದ ಮೇಲೆ ಕೊಡುತ್ತಾರೆ. ಮುಂದಿನದು ಎರಡು ದಿನಕ್ಕಿದ್ದರೆ 2 ಗ್ರಾಂ, ಮೂರು ದಿನಕ್ಕಿದ್ದರೆ 3 ಗ್ರಾಂ. ಶುಕ್ರವಾರದ ಡೋಸ್ ದೊಡ್ಡದು ಯಾಕೆ ಎಂದು ಹೊಸ ನರ್ಸ್ ಕೇಳಿದರೆ ನಾನು ಗೋಡೆಯ ಕ್ಯಾಲೆಂಡರ್ ತೋರಿಸುತ್ತೇನೆ. ವ್ಯಾಂಕೊಮೈಸಿನ್ ಅನ್ನು ಕೊನೆಯ ಗಂಟೆಯಲ್ಲೋ ಮುಗಿದ ಮೇಲೋ ಕೊಡುತ್ತಾರೆ. ಮುಂದಿನ ಡೋಸ್ ನಿರ್ಧರಿಸಲು ಡಯಾಲಿಸಿಸ್ ಶುರುವಾಗುವ ಮೊದಲೇ ರಕ್ತ ತೆಗೆದು ಮಟ್ಟ ನೋಡಬೇಕು.

ಹೆಪಟೈಟಿಸ್ ಬಿ ಲಸಿಕೆ ಇವರಿಗೆ ದುಪ್ಪಟ್ಟು, ಅಂದರೆ 40 ಮೈಕ್ರೊಗ್ರಾಂ. ವರ್ಷಕ್ಕೊಮ್ಮೆ ಪ್ರತಿಕಾಯದ ಮಟ್ಟ ನೋಡಿ. ಅದು 10 ಎಂಐಯು/ಮಿ.ಲೀ.ಗಿಂತ ಇಳಿದಿದ್ದರೆ ಇನ್ನೊಂದು ಡೋಸ್ ಬೇಕು. ಫ್ಲೂ, ನ್ಯುಮೊಕಾಕಸ್ ಲಸಿಕೆಗಳನ್ನೂ ಮರೆಯಬೇಡಿ. ಫಿಸ್ಟುಲಾ ಇಲ್ಲದ ಕೈಗೆ.

ಕಡಿಮೆ ಮಾಡಲು ಸಾಧ್ಯವೇ?

ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಪ್ರತಿ ಮಾತ್ರೆಯ ಎದುರು ಕಾರಣ ಬರೆಯಿರಿ. ಕಾರಣ ಸಿಗದ್ದಕ್ಕೆ ಸುತ್ತು ಹಾಕಿ. ವರ್ಷದ ಹಿಂದಿನ ಹೊಟ್ಟೆನೋವಿಗೆ ಶುರುವಾದ ಪ್ಯಾಂಟೊಪ್ರಜೋಲ್ ಇನ್ನೂ ಬೇಕೇ? ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ವಿಷಯದಲ್ಲಿ 2005 ಮತ್ತು 2009ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಡಯಾಲಿಸಿಸ್ ರೋಗಿಗಳಿಗೆ ಹೊಸದಾಗಿ ಶುರು ಮಾಡಿದರೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಾಗಾಗಿ ಹೊಸದಾಗಿ ಶುರು ಮಾಡುವುದು ಬೇಡ, ಮೊದಲಿನಿಂದ ಇದ್ದರೆ ಮುಂದುವರಿಸಿ ಎಂಬುದು 2013ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ.

ಮಾತ್ರೆ ತೆಗೆದುಕೊಳ್ಳದವರನ್ನು ಗದರಬೇಡಿ. "ವಾರದಲ್ಲಿ ಎಷ್ಟು ಸಲ ಬಿಟ್ಟುಹೋಗುತ್ತದೆ?" ಎಂದು ಕೇಳಿ. "ಬಿಡ್ತೀರಾ?" ಎಂದರೆ ಇಲ್ಲ ಎನ್ನುತ್ತಾರೆ. ವಾಕರಿಕೆ, ದುಡ್ಡು, ಬೇಸರ, ಕಾರಣ ಯಾವುದಾದರೂ ಇರಬಹುದು. ಪ್ಯಾರಾಥೈರಾಯ್ಡ್ ಹಾರ್ಮೋನ್ ಇಳಿಸುವ ಸಿನಾಕಾಲ್ಸೆಟ್ ಹೊಟ್ಟೆ ತೊಳಸುತ್ತದೆ, ಊಟದ ಜೊತೆ ತೆಗೆದುಕೊಂಡರೆ ಸ್ವಲ್ಪ ಸುಧಾರಿಸುತ್ತದೆ. ಇಷ್ಟು ಹೇಳಿದರೇ ಕೆಲವರು ಮತ್ತೆ ಶುರು ಮಾಡುತ್ತಾರೆ.

ಡಾಕ್ಟರ್‌ಗೆ ಬರೆಯುವ ಚೀಟಿ, ರೋಗಿಗೆ ಕೊಡುವ ಹಾಳೆ

ಡಾಕ್ಟರ್‌ಗೆ ಉದ್ದ ಬರೆಯಬೇಡಿ. ಕಂಡದ್ದು, ಯಾಕೆ ಚಿಂತೆ, ಏನು ಮಾಡಬಹುದು, ಇಷ್ಟೇ. ಉದಾಹರಣೆಗೆ: "ಗ್ಯಾಬಪೆಂಟಿನ್ 300 ಮಿ.ಗ್ರಾಂ ದಿನಕ್ಕೆ 3 ಸಲ. ಮೂತ್ರ ಇಲ್ಲ. ಭಾನುವಾರ ತೂಕಡಿಕೆ, ಕೈ ಜಗ್ಗುವಿಕೆ. 100 ಮಿ.ಗ್ರಾಂ, ಡಯಾಲಿಸಿಸ್ ಆದ ಮೇಲೆ ಮಾತ್ರ ಎಂದು ಬದಲಿಸಬಹುದೇ?" ಒಂದು ಸಲಕ್ಕೆ ಎರಡು ಮೂರು ವಿಷಯ ಸಾಕು. ತುರ್ತಿನದು ಮೊದಲು.

ರೋಗಿಯ ಹಾಳೆಯಲ್ಲಿ ಎರಡು ಅಂಕಣ ಮಾಡಿ: ಡಯಾಲಿಸಿಸ್ ಇರುವ ದಿನ, ಇಲ್ಲದ ದಿನ. ಪ್ರತಿ ಅಂಕಣದಲ್ಲಿ ಎದ್ದ ಕೂಡಲೇ, ಊಟದ ಜೊತೆ, ಯಂತ್ರದಿಂದ ಬಂದ ಮೇಲೆ, ಮಲಗುವಾಗ ಎಂದು ಬರೆಯಿರಿ. ಅಕ್ಷರ ದೊಡ್ಡದಾಗಿರಲಿ. ಮನೆಯಲ್ಲಿ ಮಾತ್ರೆ ಎತ್ತಿಕೊಡುವವರು ಯಾರೋ ಅವರಿಂದಲೇ ಒಮ್ಮೆ ಓದಿಸಿ, ನಾಳೆ ಬೆಳಗ್ಗೆ ಏನೇನು ಕೊಡುತ್ತೀರಿ ಎಂದು ಕೇಳಿ. ತಡವರಿಸಿದ ಕಡೆ ತಿದ್ದಿ ಬರೆಯಿರಿ. ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸಾಲು ಇರಲಿ: "ಡಯಾಲಿಸಿಸ್ ತಪ್ಪಿದರೆ ಈ ಮಾತ್ರೆಗಳನ್ನು ಕೇಳದೆ ತೆಗೆದುಕೊಳ್ಳಬೇಡಿ." ಅದರ ಕೆಳಗೆ ಆ ಮಾತ್ರೆಗಳ ಹೆಸರು, ಪಕ್ಕದಲ್ಲಿ ಯೂನಿಟ್‌ನ ಫೋನ್ ನಂಬರ್.